ಇಂಚರಾಳ ನಗು

ಘೋಣಸಗಿ
20 ಫೆಬ್ರುವರಿ 2024

ಪ್ರೀತಿಯ ಮುನೀರಾ,

ನೀನೂ ಮಕ್ಕಳೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಅವ್ವ ತೀರಿಕೊಂಡ ಸುದ್ದಿ ಕೇಳಿ ನೀನು ಎಷ್ಟು ಸಲ ಫೋನ್ ಮಾಡಿದೆ, ನಾನು ಒಮ್ಮೆಯೂ ಎತ್ತಲಿಲ್ಲ. ಬೇಸರ ಮಾಡಿಕೊಳ್ಳಬೇಡ. ನಾನು ಫೋನ್ ಹಿಡಿದರೆ ಸಾಕು, ಇಂಚರಾ ಎದುರಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಗುತ್ತ ನಿಲ್ಲುತ್ತಾಳೆ. ಅದಕ್ಕೇ ಈ ಕಾಗದ.

ನೀನು ಹೊಲಿದುಕೊಟ್ಟ ಗುಲಾಬಿ ಫ್ರಾಕು ಮೊನ್ನೆ ಭಾನುವಾರ ಟಿವಿಯಲ್ಲಿ ಬಂತಂತೆ. ನಾವು ನೋಡಲಿಲ್ಲ. ಆ ‘ಚಿನ್ನಾರಿ ಚೆಲುವಿ’ ಮಕ್ಕಳ ಸ್ಪರ್ಧೆ ಶುರುವಾದಾಗಿನಿಂದ ನನ್ನ ಏಳು ವರ್ಷದ ಮಗಳು ನನ್ನ ಸೀರೆ ಸುತ್ತಿಕೊಂಡು ಟಿವಿ ಮುಂದೆ ನಡೆಯುತ್ತಿದ್ದಳಲ್ಲ, ಅದನ್ನು ಕಂಡು ನಾನೇ ಹುರುಪಿನಿಂದ ಹೆಸರು ಕೊಟ್ಟೆ. ಆಯ್ಕೆಯಾದ ಮೇಲೆ ಕಪ್ಪಾಗುತ್ತಾಳೆಂದು ಬಿಸಿಲಿಗೆ ಆಡಲು ಬಿಡಲಿಲ್ಲ. ಬಿದ್ದುಹೋದ ಹಲ್ಲು ಕಾಣದಂತೆ ನಗುವುದನ್ನು ಕನ್ನಡಿ ಮುಂದೆ ಕೂರಿಸಿ ಕಲಿಸಿದೆ. ಅವ್ವ ಒಬ್ಬಳೇ, “ಕೂಸಿನ ಮಾರಿಗಿ ಇಷ್ಟ್ ಬಣ್ಣ ಯಾಕ ಬೇ?” ಅಂದಿದ್ದಳು. ಸಿಟ್ಟಿಗೆದ್ದು ಎರಡು ವಾರ ಅವಳೊಂದಿಗೆ ಮಾತು ಬಿಟ್ಟಿದ್ದೆ.

ಬೆಂಗಳೂರಿನಲ್ಲಿ ಚಿತ್ರೀಕರಣದ ದಿನ ಇಂಚರಾಳೇ ಎಲ್ಲರಿಗಿಂತ ಮುಂದೆ ಬಂದಳು. ಇಂಥ ನಗು ನೋಡೇ ಇಲ್ಲ ಎಂದು ತೀರ್ಪುಗಾರರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಮರುದಿನ ಬೆಳಿಗ್ಗೆ ಇಲ್ಲಿ ತವರಿಗೆ ಬಂದಿಳಿದಾಗ, ನಮ್ಮ ಪದ್ಧತಿಯಂತೆ ಅವ್ವನ ದೇಹವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ. ಇಂಚರಾ ಹೊಸ್ತಿಲಲ್ಲಿ ನಿಂತು ನೋಡಿದಳು. ಆಮೇಲೆ ಅವಳ ಮುಖ ಅರಳಿತು. ಅಜ್ಜಿಯ ಎದುರೇ ಹೋಗಿ ಕೂತು, ಕತ್ತು ವಾರೆ ಮಾಡಿ ನಗತೊಡಗಿದಳು. ಅಳುತ್ತಿದ್ದ ಹೆಂಗಸರೆಲ್ಲ ಅವಳತ್ತ ತಿರುಗಿದರು. ತಮ್ಮ ಸಂಗು ನನ್ನ ಹತ್ತಿರ ಬಂದು, “ಅಕ್ಕಾ, ಕೂಸಿನ್ನ ಹೊರಗ ಕರ್ಕೊಂಡು ಹೋಗು” ಅಂದ. ಹೊರಗೆ ಎಳೆದೊಯ್ದು ಹೊಡೆದೆ, ಮುನೀರಾ. ಕಣ್ಣಲ್ಲಿ ನೀರು ಸುರಿಯಿತು, ನಗು ಮಾತ್ರ ಹೋಗಲಿಲ್ಲ.

ಇಂದಿಗೆ ಹನ್ನೊಂದು ದಿನ. ಉಣ್ಣುವಾಗಲೂ ನಗುತ್ತಾಳೆ. ಅವ್ವನನ್ನು ಕೂರಿಸಿದ್ದ ಗೋಡೆಯ ಎದುರು ಒಬ್ಬಳೇ ಕೂತು ನಗುತ್ತಾಳೆ. ವಿಜಯಪುರದ ಡಾಕ್ಟರು, ದಿನ ಹಿಡಿಯುತ್ತದೆ, ಹೆದರಿಸಬೇಡಿ ಎಂದಿದ್ದಾರೆ. ಮುಂದಿನ ಸುತ್ತಿಗೆ ಕರೆ ಬಂದಿತ್ತು, ಬರುವುದಿಲ್ಲ ಅಂದೆ. ಇಂಚರಾಳ ಸಾಲಿಗೆ ರಜೆ ಹೇಳಿ ಇಲ್ಲೇ ಉಳಿದಿದ್ದೇನೆ.

ನಿನ್ನ ಮಿನಾಜಳೂ ಹೆಸರು ಕೊಡು ಎಂದು ಹಟ ಮಾಡುತ್ತಾಳೆಂದು ನೀನು ಬರೆದಿದ್ದೆ. ಕೊಡಬೇಡ. ಮಣ್ಣಿನಲ್ಲಿ ಆಡಿಕೊಂಡು, ಮನಸ್ಸು ಬಂದಾಗ ಅತ್ತುಕೊಂಡು ಬೆಳೆಯಲಿ. ಅವಳಿಗೆ ನನ್ನ ಮುತ್ತು, ನಿಮ್ಮೆಲ್ಲರಿಗೂ ದೇವರು ಒಳ್ಳೆಯದು ಮಾಡಲಿ.

ನಿನ್ನ
ನೇತ್ರಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅವ್ವ ಹೋದಳೆಂದು ಸಂಗೂನ ಫೋನ್ ಬಂದದ್ದು ಇಂಚರಾ ವೇದಿಕೆಗೆ ಹೋಗುವ ಮೊದಲೇ. ಪಕ್ಕದಲ್ಲಿದ್ದ ಅವಳಿಗೂ ಕೇಳಿಸಿತು. ಅತ್ತಳು, ಕಾಡಿಗೆ ಕೆನ್ನೆಗೆ ಇಳಿಯಿತು. ಹೆಸರು ಕೂಗುತ್ತಿದ್ದರು. ನಾನು ಕೆನ್ನೆ ಒರೆಸಿ, “ನೀ ಚಂದಂಗಿ ನಕ್ರ ಅಜ್ಜಿ ಎದ್ದ ಕುಂದರ್ತಾಳ” ಅಂದೆ.

ನಿನ್ನೆ ತಲೆ ಬಾಚುವಾಗ ಕೇಳಿದಳು: “ಅವ್ವಾ, ನಾ ನಕ್ಕಿದ್ದಕ್ಕ ಅಜ್ಜಿ ಎದ್ದ ಕುಂತಿದ್ಲಲ್ಲ. ಮತ್ಯಾಕ ಮಣ್ಣಾಗ ಇಟ್ರಿ?”