ಸೈಮಿ ತಂದ ಕಾಫಿ

ತಾಂಪೆರೆ, ಫಿನ್‌ಲ್ಯಾಂಡ್, ೧೯೫೮

ತಮ್ಮಾ ವಿಲ್ಹೋ,

೧೯೧೮ರ ಅಂತರ್ಯುದ್ಧದಲ್ಲಿ ನೀನು ಗೆದ್ದ ಬಿಳಿ ಪಡೆಯ ಕಡೆ, ನಾನೂ ಅಪ್ಪನೂ ಸೋತ ಕೆಂಪು ಕಾರ್ಮಿಕರ ಕಡೆ. ನಲವತ್ತು ವರ್ಷವಾದರೂ ಊರಿನಲ್ಲಿ ಎರಡೂ ಕಡೆಯವರಿಗೆ ಬೇರೆ ಬೇರೆ ಅಂಗಡಿ. ಮಣ್ಣು ಮುಗಿದ ಮೇಲೆ ಎಲ್ಲರ ಜೊತೆ ನಿಮ್ಮ ಅಂಗಡಿಯ ಕಾಫಿ ಕುಡಿಯಬೇಕಲ್ಲ ಎಂದು ನಿನ್ನ ಮಣ್ಣಿಗೂ ಬರಲಿಲ್ಲ.

ಇವತ್ತು ನಿನ್ನ ಹೆಂಡತಿ ಸೈಮಿ ಎಲ್ಲರೆದುರೇ ನಮ್ಮ ಅಂಗಡಿಗೆ ನುಗ್ಗಿ, ಕಾಫಿಪುಡಿ ಕೊಂಡು, ನೇರ ನನ್ನ ಮನೆಗೆ ಬಂದಳು.

"ಭಾವ, ಇದು ನಿಮ್ಮ ಅಂಗಡೀದೇ. ಈಗೇನು ನೆಪ?"

"ನಿನ್ನ ಕಡೆಯವರು ಉಗೀತಾರೆ, ಹುಚ್ಚಿ."

"ಉಗೀಲಿ. ನಿಮ್ಮ ತಮ್ಮ ಕೊನೇ ದಿನಾನೂ ಬಾಗಿಲ ಕಡೇನೇ ನೋಡ್ತಿದ್ರು."

ಕುಡಿದೆ ಕಣೋ, ಎರಡು ಲೋಟ. ರಾಜಿಯಾದೆ ಅಂದುಕೊಳ್ಳಬೇಡ. ನಿಮ್ಮವರ ಸೆರೆಶಿಬಿರದಲ್ಲಿ ಅಪ್ಪ ಹಸಿದು ಸತ್ತದ್ದನ್ನು ಮರೆಯುವವನಲ್ಲ ನಾನು. ನಾಳೆ ನಿನ್ನ ಗೋರಿಗೆ ಬಂದು ಇದನ್ನೇ ಗಟ್ಟಿಯಾಗಿ ಹೇಳುತ್ತೇನೆ. ಸೈಮಿ ನನ್ನ ಪಕ್ಕದಲ್ಲೇ ನಿಂತಿರುತ್ತಾಳೆ. ಎರಡೂ ಕಡೆಯವರು ಕಣ್ತುಂಬ ನೋಡಲಿ.