ಹೆಸರಿನ ಎರಡನೆಯ ಅರ್ಧ

ಲಿಪೊವೆಟ್ಸ್
12 ಜೂನ್ 1990

ಪ್ರೀತಿಯ ಮಗಳು ಬೊಗ್ನಾಳಿಗೆ,

ಆಶೀರ್ವಾದಗಳು. ಉತ್ತರ ತಡವಾಯಿತು. ಕ್ಷಮೆ ಕೇಳುವುದು ನನಗೆ ಒಗ್ಗದು, ನಿನಗೇ ಗೊತ್ತು. ಈ ಸಲ ಕೇಳಿದ್ದೇನೆ ಎಂದುಕೋ. ಮಕ್ಕಳ ಫೋಟೋ ತಲುಪಿತು. ದೊಡ್ಡವನಿಗೆ ಮೊದಲು ಕ್ಷೌರ ಮಾಡಿಸು.

ಈಗ ಸುದ್ದಿ ಕೇಳು, ಕೂತುಕೊಂಡು ಕೇಳು! ನಮ್ಮ ಹೊಸ ಸೇತುವೆಗೆ ನಿನ್ನ ಅಪ್ಪನ ಹೆಸರಿಡುತ್ತಾರೆ. ನಿನ್ನೆ ಪುರಸಭೆಯಲ್ಲಿ ಮೇಯರ್ ಫಲಕದ ಬರಹ ಓದಿದ: "ಲುದ್ವಿಕ್ ಬೊರೂತಾ-ಚಾಪ್ಲಾ. ಜರ್ಮನ್ನರ ಕಣ್ಣು ತಪ್ಪಿಸಿ, ಸಾನ್ ನದಿ ದಾಟಿ ಸಂದೇಶ ಒಯ್ದ ವೀರ." ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಈಜು ಬರುತ್ತಿರಲಿಲ್ಲ, ಸ್ನಾನದ ತೊಟ್ಟಿಗೂ ಹೆದರುತ್ತಿದ್ದರು!

ಎದ್ದು ನಿಂತು ಹೇಳಿದೆ, "ಚಾಪ್ಲಾ ನಾನು."

"ಅಮ್ಮಾವ್ರೇ, ಕೂತ್ಕೊಳ್ಳಿ. ಬಿಸಿಲಲ್ಲಿ ನಡ್ಕೊಂಡು ಬಂದಿದ್ದೀರಿ," ಎಂದ ಮೇಯರ್.

ಆಗ ಹಿಂದಿನ ಸಾಲಿನಿಂದ, ಯುದ್ಧಕಾಲದಲ್ಲಿ ನಮ್ಮ ಗುಪ್ತ ತುಕಡಿಯಲ್ಲಿದ್ದ ಮುದುಕ ತೆಓಫಿಲ್ ಕೋಲು ಕುಟ್ಟಿದ. "ನೀನು ಕೂತ್ಕೊಳ್ಳೋ ಮೇಯರ್! ನದಿ ದಾಟುವಾಗ 'ಕೆಮ್ಮಿದ್ರೆ ನೀರಿಗೆ ನೂಕ್ತೀನಿ' ಅಂದವಳು ಇವಳೇ. ಅವತ್ತಿಂದ ನಾನು ಕೆಮ್ಮಿಲ್ಲ!"

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ತಾತ?" ಎಂದ ಮೇಯರ್.

"ಬಾಯಿ ಬಿಟ್ರೂ ನೂಕ್ತೀನಿ ಅಂದಿದ್ಲು."

ಸಭೆಯೆಲ್ಲ ಗೊಳ್ಳೆಂದಿತು. ಬೊಗ್ನಾ, ನಮ್ಮ ಮನೆತನದಲ್ಲಿ ಮೂವರು ಡಾಕ್ಟರು, ಒಬ್ಬ ನ್ಯಾಯಾಧೀಶ. ಎಲ್ಲರೂ ಈ ಜೋಡಿ ಹೆಸರನ್ನು ಪದಕದ ಹಾಗೆ ಧರಿಸಿಕೊಂಡು ತಿರುಗುತ್ತೀರಿ. ಅದು ಬಂದ ಬಗೆ ಇನ್ನಾದರೂ ತಿಳಿದಿರಲಿ. ನೀರಿನಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದೆನೆಂದು ತುಕಡಿಯವರು ನನಗೆ ಕೊಕ್ಕರೆಯ ಹೆಸರಿಟ್ಟಿದ್ದರು, ಚಾಪ್ಲಾ ಎಂದು. ಯುದ್ಧ ಮುಗಿದ ಮೇಲೆ ಕಮ್ಯುನಿಸ್ಟರು ಬಂದರು; ತಮ್ಮ ಕಡೆ ಸೇರದ ತುಕಡಿಗಳವರೆಂದು ನಮ್ಮ ಸರ್ಕಾರದವರೇ ನಮ್ಮನ್ನು ಬೇಟೆಯಾಡಿದರು. 1949ರಲ್ಲಿ ಪೊಲೀಸರು ಬಾಗಿಲು ತಟ್ಟಿ, "ಚಾಪ್ಲಾ ಯಾರು?" ಎಂದರು. ನೀನು ನನ್ನ ಎದೆಹಾಲು ಕುಡಿಯುತ್ತಿದ್ದೆ. ನಿನ್ನ ಅಪ್ಪ ಪಿಯಾನೋ ಮುಚ್ಚಿ ಎದ್ದರು. "ನಾನೇ. ಕೋಟು ಹಾಕ್ಕೋಬಹುದಾ?" ಎಂದರು.

ಆರು ವರ್ಷ ಜೈಲು. ಹೊರಬಂದವರೇ ನೋಂದಣಿ ಕಚೇರಿಗೆ ಹೋಗಿ ಆ ಹೆಸರನ್ನು ಬೊರೂತಾ ಪಕ್ಕದಲ್ಲಿ ಸೇರಿಸಿಕೊಂಡರು. "ಇನ್ನು ಯಾರೂ ಅವಳನ್ನ ಹುಡುಕಲ್ಲ, ಅಪೊಲೊನಿಯಾ," ಎಂದರು. ಆ ಸರ್ಕಾರ ಇರುವವರೆಗೆ ಬಾಯಿ ಬಿಡಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಸರ್ಕಾರ ಹೋಯಿತು. ಅದನ್ನು ನೋಡಲು ಅವರಿರಲಿಲ್ಲ.

ಫಲಕದಲ್ಲಿ ಈಗ ಇಬ್ಬರ ಹೆಸರೂ ಇರುತ್ತದೆ, ನಾನು ಪಟ್ಟು ಹಿಡಿದೆ. ವೀರ ಎಂಬ ಮಾತನ್ನು ಮಾತ್ರ ನಿನ್ನ ಅಪ್ಪನಿಗೇ ಬಿಟ್ಟೆ. ಮಕ್ಕಳನ್ನೆಲ್ಲ ಕರೆದುಕೊಂಡು ಬಾ. ಗಸಗಸೆ ಕೇಕು ಮಾಡುತ್ತೇನೆ. ಬೆನ್ನು ನೆಟ್ಟಗೆ ಇಟ್ಟುಕೊಂಡು ನಿಲ್ಲಬೇಕು, ಎಲ್ಲರೂ. ದೇವರು ನಿಮ್ಮನ್ನು ಕಾಯಲಿ.

ನಿನ್ನ ಅಮ್ಮ,
ಅಪೊಲೊನಿಯಾ ಬೊರೂತಾ-ಚಾಪ್ಲಾ

ಮರೆತ ಮಾತು: ಆಸ್ಪತ್ರೆಯಲ್ಲಿ ಕೊನೆಯ ದಿನ ಅವರು "ಚಾಪ್ಲಾ, ಚಾಪ್ಲಾ" ಎಂದದ್ದು ನೆನಪಿದೆಯೇ? "ಅಪ್ಪ ತಮ್ಮ ಹೆಸರನ್ನೇ ಹೇಳ್ಕೋತಿದ್ದಾರೆ," ಎಂದು ನೀನು ಅತ್ತೆ. ಅವರು ಕರೆದದ್ದು ನನ್ನನ್ನು. ಆ ಹೆಸರು ಕೇಳಿದರೆ ತಿರುಗಬಾರದೆಂದು ನಲವತ್ತು ವರ್ಷ ಈ ಕುತ್ತಿಗೆಗೆ ಕಲಿಸಿದ್ದೆ. ಅವತ್ತೂ ಅದು ತಿರುಗಲಿಲ್ಲ, ಬೊಗ್ನಾ.