ಕಾಯದೆ ಬಿಟ್ಟ ಕಡಲೆ ಪಟ್ಟಿ

ಮಾಗಡಿ,
ಗದಗ ಜಿಲ್ಲೆ,
18 ಜನವರಿ 2026

ಪ್ರೀತಿಯ ಸ್ನೇಹಾ,

ಹೇಗಿದ್ದೀಯಲೇ? ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ಬೈಯಬೇಡ. ನೀನು ಖಡಕವಾಸ್ಲಾದ ಸೇನಾ ಅಕಾಡೆಮಿಗೆ ಸೇರಿದ ಮೇಲೆ ಫೋನ್ ಕೊಡುವುದಿಲ್ಲ, ಕಾಗದವೇ ಗತಿ ಎಂದು ಬರೆದೆ. ನನಗೆ ಕಾಗದ ಬರೆದು ರೂಢಿ ಇಲ್ಲ. ಒಂದು ಸಾಲು ಬರೆಯುತ್ತೇನೆ, ನೀನು ಏನೆನ್ನುತ್ತೀಯೋ ಎಂದು ಕಾಯುತ್ತೇನೆ. ಇಲ್ಲಿ ವಾಟ್ಸಾಪಿನ ಹಾಗೆ ನೀಲಿ ಗುರುತು ಬರುವುದಿಲ್ಲ ಎಂದು ಆಮೇಲೆ ನೆನಪಾಗುತ್ತದೆ.

ನಮ್ಮ ‘ಜೆಟ್ ಹುಚ್ಚರು’ ಗುಂಪು ನೀನಿಲ್ಲದೆ ತಣ್ಣಗಿದೆ. ಯಾರೋ ಒಬ್ಬ ದಿನಾ ಬೆಳಿಗ್ಗೆ ವಿಮಾನದ ಚಿತ್ರ ಹಾಕಿ ಶುಭೋದಯ ಹೇಳುತ್ತಾನೆ. ಅವನನ್ನು ಹೊರಗೆ ಹಾಕಬೇಕು ಎಂದಿದ್ದೇನೆ, ಹಾಕಿಲ್ಲ.

ಸುದ್ದಿ ಎರಡು. ಫೆಬ್ರುವರಿ ಮೊದಲ ವಾರ ನಾನು ಮೈಸೂರಿನ ವಾಯುಸೇನೆ ಆಯ್ಕೆ ಮಂಡಳಿಗೆ ಹೋಗುತ್ತಿದ್ದೇನೆ. ಯಂತ್ರದ ಮುಂದೆ ಕೂತು ಕೈಯಲ್ಲಿ ಕೋಲು, ಕಾಲಲ್ಲಿ ಪೆಡಲು ಹಿಡಿದು ಮಾಡುವ ಆ ಪೈಲಟ್ ಪರೀಕ್ಷೆಯನ್ನು ನೀನು ದಾಟಿದ್ದೀಯ. ಜೀವಮಾನದಲ್ಲಿ ಒಂದೇ ಸಲ. ಬಿದ್ದರೆ ಸೇನೆಯಲ್ಲಿ ಮತ್ತೇನಾದರೂ ಆಗಬಹುದು, ಪೈಲಟ್ ಮಾತ್ರ ಆಗುವಂತಿಲ್ಲ. ಗುಂಪಿನಲ್ಲಿ ಹೊಸಬರಿಗೆಲ್ಲ ಇದನ್ನು ಪಟಪಟ ಹೇಳುತ್ತಿದ್ದವಳು ನಾನೇ. ಈಗ ನನಗೇ ಹೇಳಿಕೊಳ್ಳಲು ಹೋದರೆ ಅರ್ಧಕ್ಕೇ ನಿಲ್ಲಿಸುತ್ತೇನೆ.

ಎರಡನೆಯದು, ಮಾರ್ಷಲ್ ಮಾಮಾ ಬರುತ್ತಿದ್ದಾರೆ! ಏರ್ ಮಾರ್ಷಲ್ ದೇವಪ್ಪ ಹಮ್ಮಿಗಿ. ನನ್ನ ಅಜ್ಜ ಹುಚ್ಚೀರಪ್ಪನ ಸ್ವಂತ ಅಕ್ಕನ ಮಗ ಎಂದು ನಾನು ಹೇಳಿದಾಗ ಗುಂಪಿನಲ್ಲಿ ಯಾರೂ ನಂಬಿರಲಿಲ್ಲ. ನೀನಂತೂ ‘ಪುರಾವೆ ಹಾಕು’ ಎಂದಿದ್ದೆ. ಹೊಳೆದಂಡೆಯ ಹಮ್ಮಿಗಿಯಲ್ಲಿ ಹುಟ್ಟಿ, ವಿಜಯಪುರದ ಸೈನಿಕ ಶಾಲೆ, ಆಮೇಲೆ ನೀನೀಗ ಓಡುತ್ತಿರುವ ಅದೇ ಮೈದಾನ, ಆಮೇಲೆ ಮಿಗ್-21. ಪಂಜಾಬಿನ ನೆಲೆಯಲ್ಲಿ ವಿಮಾನ ಮೇಲೇರುವಾಗಲೇ ಎಂಜಿನ್ನಿಗೆ ಹಕ್ಕಿ ಹೊಕ್ಕು ಬೆಂಕಿ ಹತ್ತಿ, ಸೀಟು ಸಮೇತ ಹೊರಗೆ ಸಿಡಿದು ಬದುಕಿದರು. ಬೆನ್ನು ಮುರಿದಿತ್ತು. ವಾಸಿಯಾದ ಮೇಲೆ ಮತ್ತೆ ಹಾರಿದರು, ಒಂದು ಸ್ಕ್ವಾಡ್ರನ್ ನಡೆಸಿದರು, ದೆಹಲಿಗೆ ಹೋದರು, ಮೂರು ನಕ್ಷತ್ರದ ಹುದ್ದೆಯಲ್ಲಿ ನಿವೃತ್ತರಾದರು. ಅದು ಭೂಸೇನೆಯ ಲೆಫ್ಟಿನೆಂಟ್ ಜನರಲ್‌ಗೆ ಸಮ ಎಂದು ನಾನು ಒಮ್ಮೆ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಊರಿಗೆಲ್ಲ ಅವರು ಜನರಲ್ ಸಾಹೇಬರು.

ಲಕ್ಷ್ಮೇಶ್ವರದ ನಮ್ಮ ಕಾಲೇಜಿನಲ್ಲಿ ಸತ್ಕಾರವಿದೆ. ಗದಗದಿಂದ ಫ್ಲೆಕ್ಸ್ ಮಾದರಿ ನನ್ನ ಫೋನಿಗೆ ಬಂತು. ನೋಡಿ ತಲೆ ತಿರುಗಿತು. ಮಾಮಾನ ಪಕ್ಕದಲ್ಲಿ ಎಫ್-16 ಹಾರುತ್ತಿದೆ! ಮರುದಿನ ಬಸ್ಸು ಹತ್ತಿ ಹೋದೆ. ಅಂಗಡಿಯ ಅರ್ಜುನ ಎಂಬವನು ಚಹಾ ಕುಡಿಯುತ್ತಾ ಕೇಳಿಸಿಕೊಂಡ.

“ವಿಮಾನ ಅಂದ್ರ ವಿಮಾನ ಬಿಡ್ರಿ ಅಕ್ಕಾರ. ಎರಡು ರೆಕ್ಕಿ ಅದಾವು, ಹಿಂದ ಬೆಂಕಿ ಬರಾಕತ್ತೈತಿ. ಮತ್ತೇನ ಬೇಕು?”

“ಅದು ಪಾಕಿಸ್ತಾನದವ್ರು ಹಾರಸೂ ವಿಮಾನರಿ.”

ಅವನು ಲೋಟ ಕೆಳಗಿಟ್ಟ. “ಯಪ್ಪಾ! ಹೋದ ತಿಂಗಳ ಒಬ್ಬ ಸುಬೇದಾರರ ಸತ್ಕಾರಕ್ಕೂ ಇದನ್ನ ಹಾಕೇನಲ್ರಿ.”

ಮಿಗ್-21ರ ಚಿತ್ರ ಹಾಕಿಸಿ ಬಂದೆ.

ಅಜ್ಜನಿಗೆ ಇದೆಲ್ಲ ಬೇಕಿಲ್ಲ. ಅವನಿಗೆ ಮಾಮಾ, ಅಂದರೆ ಅವನ ದೇವು, ಬಂದಾಗ ಕೆರೆಯ ಕಡೆಗಿನ ಕಡಲೆ ಪಟ್ಟಿ ತೋರಿಸಬೇಕು, ಅಷ್ಟೇ. ಆ ಪಟ್ಟಿಯ ಕಥೆ ನಿನಗೆ ಹೇಳಿಲ್ಲ. ನಮ್ಮ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವುದು ಗೊತ್ತಲ್ಲ, ಸಂಜೆಯಾದರೆ ಹೊಲಕ್ಕೆ ಇಳಿಯುತ್ತವೆ. ಊರವರೆಲ್ಲ ಡಬ್ಬ ಬಡಿದು ಓಡಿಸುತ್ತಾರೆ. ನಮ್ಮ ಹೊಲದಲ್ಲಿ ಒಂದು ಪಟ್ಟಿಯನ್ನು ಮಾತ್ರ ಯಾರೂ ಕಾಯುವುದಿಲ್ಲ. ನಾನು ಅದು ಅಜ್ಜನ ಸೋಮಾರಿತನ ಎಂದುಕೊಂಡಿದ್ದೆ. ಮೊನ್ನೆ ಹೇಳಿದ:

“ದೇವು ಬೆನ್ನಿಗೆ ಪಟ್ಟಾ ಕಟ್ಕೊಂಡು ರಜಾದಾಗ ಬಂದಿದ್ದ. ನಮ್ಮಕ್ಕ ಕರೆವ್ವ ಏನಾತಪಾ ಅಂದ್ರ, ಹಕ್ಕಿ ಬಡೀತಬೇ ಅಂದ. ಆಕಿ ನಕ್ಕಳು. ಅಂಥಾ ವಿಮಾನಕ್ಕ ಇಷ್ಟ ಹಕ್ಕಿ? ಆಮ್ಯಾಲೆ ನಗೂದ ಬಿಟ್ಟಳು. ಆ ವರ್ಷ ನಾಗರ ಪಂಚಮಿಗೆ ಸೀರಿ ಒಯ್ದರ ಮುಟ್ಟಲಿಲ್ಲ. ತಮ್ಮಾ, ನನಗ ಸೀರಿ ಬ್ಯಾಡ, ಕೆರಿ ಕಡಿ ಪಟ್ಟಿ ಕಾಯಬ್ಯಾಡ, ಅದ ನನ್ನ ತವರಿನ ಉಡುಗೊರಿ ಅಂದಳು. ಹೊಟ್ಟಿ ತುಂಬಿದ ಹಕ್ಕಿ ಮ್ಯಾಲ ಏರಂಗಿಲ್ಲಂತ.”

“ಅಜ್ಜಾ, ಮಾಮಾ ಇದ್ದದ್ದು ಪಂಜಾಬಿನ್ಯಾಗ. ಈ ಹಕ್ಕಿ ಹಿಮಾಲಯ ದಾಟಿ ಬರ್ತಾವು.”

“ಅದನ್ನ ಆಕಿ ಹೇಳಿದ್ದು. ದೇವು ಇರೂ ಕಡಿಂದನ ಬರ್ತಾವು, ಹೊಳ್ಳಿ ಅಲ್ಲಿಗೇ ಹೊಕ್ಕಾವು.”

ಹಕ್ಕಿಗಳು ಬರುವ ದಾರಿಯ ನಕ್ಷೆ ತೆಗೆದು ನೋಡಿದೆ. ಕರೆವ್ವಜ್ಜಿ ಹೇಳಿದ್ದನ್ನು ಸುಳ್ಳು ಎನ್ನಲು ಆಗಲಿಲ್ಲ. ಅಲ್ಲಿಂದ ಈಚೆಗೆ ಒಂದು ಪಂಚಮಿಗೂ ಆಕೆ ಸೀರೆ ತೆಗೆದುಕೊಳ್ಳಲಿಲ್ಲವಂತೆ. ಹೋದ ವರ್ಷ ತೀರಿಕೊಂಡಳು. ಅಜ್ಜ ಈ ವರ್ಷವೂ ಪಟ್ಟಿಯನ್ನು ಹಕ್ಕಿಗೆ ಬಿಟ್ಟಿದ್ದಾನೆ. ಸಾಕು, ನಿಲ್ಲಿಸು ಎಂದು ಆಕೆ ಹೇಳಿ ಹೋಗಿಲ್ಲವಲ್ಲ ಎನ್ನುತ್ತಾನೆ.

ಮೈಸೂರಿನಿಂದ ಬಂದು ಎಲ್ಲ ಬರೆಯುತ್ತೇನೆ. ಓಡುವಾಗ ಮೊಣಕಾಲು ಜೋಪಾನ. ಮುಂಡರಗಿಯಲ್ಲಿ ನಿನ್ನ ಅವ್ವನನ್ನು ಕಂಡಿದ್ದೆ, ನಿನ್ನ ಸಮವಸ್ತ್ರದ ಫೋಟೋ ಟಿವಿಯ ಮೇಲೆ ಇಟ್ಟಿದ್ದಾರೆ.

ನಿನ್ನ,
ಶೃತಿ


ಮಾಗಡಿ,
22 ಫೆಬ್ರುವರಿ 2026

ಪ್ರೀತಿಯ ಸ್ನೇಹಾ,

ನಿನ್ನ ಎರಡು ಕಾಗದವೂ ಬಂದಿವೆ. ಎರಡರಲ್ಲೂ ಒಂದೇ ಪ್ರಶ್ನೆ, ಮೈಸೂರು ಏನಾಯಿತು ಎಂದು. ತಡ ಮಾಡಿದೆ, ತಪ್ಪು ನನ್ನದೇ. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು ಮಾಮಾ ಬಂದದ್ದನ್ನು ಕೇಳು.

ಲಕ್ಷ್ಮೇಶ್ವರದಲ್ಲಿ ಸತ್ಕಾರ ಚೆನ್ನಾಗಿ ಆಯಿತು. ಮಾಮಾ ನಾನು ಅಂದುಕೊಂಡದ್ದಕ್ಕಿಂತ ಕುಳ್ಳ. ಬೆನ್ನು ನೆಟ್ಟಗೆ, ಆದರೆ ಕುಳಿತು ಏಳುವಾಗ ಕುರ್ಚಿಯ ಕೈ ಹಿಡಿಯುತ್ತಾರೆ. ರುಮಾಲು ಸುತ್ತಿದರು, ಶಾಲು ಹೊದಿಸಿದರು, ಹಾರ ಹಾಕಿದರು. ಅಷ್ಟಾದ ಮೇಲೆ ಅವರ ಮೂಗು ಮಾತ್ರ ಕಾಣುತ್ತಿತ್ತು. ಪ್ರಾಚಾರ್ಯರು ಅರ್ಧ ಗಂಟೆ ಮಾತಾಡಿದರು. ಮಾಮಾ ಮಾತಾಡಿದ್ದು ಬಹಳ ಕಡಿಮೆ. “ನಾ ಹಾರಿದ್ದು ಸ್ವಲ್ಪ, ಕುಂತಿದ್ದು ಬಾಳ” ಎಂದರು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಕೆಳಗಿಳಿದು ಬಂದವರು ಫ್ಲೆಕ್ಸಿನ ಮುಂದೆ ನಿಂತರು. “ಈ ಚಿತ್ರ ಆರಿಸಿದವ್ರು ಯಾರು?” ಎಂದು ಕೇಳಿದರು. ಯಾರೋ ನನ್ನನ್ನು ಮುಂದಕ್ಕೆ ತಳ್ಳಿದರು.

“ನಾನ್ರಿ ಸರ್.”

“ಹುಚ್ಚೀರ ಮಾವನ ಮೊಮ್ಮಗಳಲ್ಲೇನವಾ? ಸರ್ ಯಾಕಂತಿ, ಮಾಮಾ ಅನ್ನು. ಚಲೋ ಆರಿಸಿದಿ. ಬ್ಯಾರೆ ಕಡಿ ಸತ್ಕಾರದಾಗ ನನ್ನನ್ನ ಪ್ರಯಾಣಿಕರ ವಿಮಾನದ ಬಾಜೂನೂ ನಿಲ್ಲಿಸ್ಯಾರ.”

ಈ ಒಂದು ಮಾತು ಗುಂಪಿನಲ್ಲಿ ಹಾಕಿದರೆ ಎಷ್ಟು ಹೃದಯದ ಚಿಹ್ನೆ ಬೀಳುತ್ತಿದ್ದವು ಯೋಚಿಸು. ಹಾಕಲಿಲ್ಲ. ಗುಂಪು ತೆರೆದರೆ ಎಲ್ಲರೂ ಕೇಳುವುದು ಮೈಸೂರಿನದನ್ನೇ.

ಸಂಜೆಗೆ ಮಾಗಡಿಗೆ ಬಂದರು. ಊಟಕ್ಕೆ ಕುಳ್ಳಿರಿಸುವ ಮೊದಲೇ ಅಜ್ಜ ಅವರನ್ನು ಹೊಲಕ್ಕೆ ಎಬ್ಬಿಸಿಕೊಂಡು ಹೋದ. ನಾನೂ ಹಿಂದೆ ಹೋದೆ. ಸುತ್ತ ಕಡಲೆ ಕೀಳಲು ಬಂದಿದೆ. ನಮ್ಮ ಪಟ್ಟಿಯಲ್ಲಿ ಮಾತ್ರ ಕಡ್ಡಿಗಳು. ಅಲ್ಲಲ್ಲಿ ಹಿಕ್ಕೆ, ಒಂದೆರಡು ಬೂದು ಗರಿ. ಅಜ್ಜ ಅದನ್ನು ಬೆಳೆದ ಪೈರಿನಂತೆ ತೋರಿಸಿದ.

“ನೋಡ ದೇವು, ನಿನ್ನ ಪಟ್ಟಿ. ಒಂದು ಕಾಳು ಬಿಟ್ಟಿಲ್ಲ.”

ಮಾಮಾ ಬದುವಿನ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದರು. “ಮಾವ, ಇನ್ನ ಸಾಕು ಮಾಡ್ರಿ. ಅವ್ವ ಇಲ್ಲ. ನಾ ಹಾರೂದ ಬಿಟ್ಟು ಜಮಾನಾ ಆತು.”

“ಹೌದಪಾ, ರಿಟೈರ್ ಆದಿ.”

“ರಿಟೈರ್ ಅಲ್ರಿ. ಅದಕ್ಕೂ ಬಾಳ ಮೊದಲ.”

ಆಗ ಹೇಳಿದರು, ಸ್ನೇಹಾ. ನಮ್ಮ ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲದ್ದು. ಸ್ಕ್ವಾಡ್ರನ್ ನಡೆಸುತ್ತಿದ್ದಾಗಲೇ ಹಳೆಯ ಬೆನ್ನು ಮತ್ತೆ ಕೈಕೊಟ್ಟಿತಂತೆ. ಇನ್ನೊಂದು ಸಲ ಆ ಸೀಟಿನಿಂದ ಸಿಡಿದರೆ ಎದ್ದು ನಡೆಯುವುದಿಲ್ಲ ಎಂದರಂತೆ ಡಾಕ್ಟರು. ನಲವತ್ತು ತುಂಬುವುದರೊಳಗೆ ಯುದ್ಧವಿಮಾನದಿಂದ ಇಳಿಸಿಬಿಟ್ಟರು. ಅಲ್ಲಿಂದ ಮುಂದೆ ಮೇಜು, ನಕಾಶೆ, ಸಭೆ. ಯಾರು ಯಾವಾಗ ಎಲ್ಲಿ ಹಾರಬೇಕು ಎಂದು ನಿರ್ಧರಿಸುವುದು. ಹುದ್ದೆಗಳೆಲ್ಲ ಬಂದದ್ದು ಆಮೇಲೆಯೇ. “ಮಂದಿನ್ನ ಹಾರಸೂದ ನನ್ನ ಕೆಲಸ ಆತು. ಚಲೋನೇ ಮಾಡಿದ್ನಿ” ಎಂದರು. ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು.

ಅಜ್ಜನಿಗೆ ಸಿಟ್ಟು ಬಂತು. ಏರ್ ಮಾರ್ಷಲ್‌ರನ್ನು ಯಾರಾದರೂ ಹಾಗೆ ಬೈದದ್ದನ್ನು ನಾನು ಮೊದಲ ಸಲ ಕೇಳಿದ್ದು.

“ಹಂಗಾರ ನಮ್ಮಕ್ಕ ಇಷ್ಟ ವರ್ಷ ಯಾರ ಸಲುವಾಗಿ ಹಕ್ಕಿಗೆ ಉಣಿಸಿದಳಲೇ? ಹಬ್ಬದಾಗ ಹಳೇ ಸೀರಿ ಉಟ್ಟಳು. ಒಂದು ಮಾತ ಹೇಳಾಕ ಬಾಯಿ ಇರಲಿಲ್ಲೇನಲೇ ನಿನಗ?”

“ಹೇಳಬೇಕಂತನ ಬರ್ತಿದ್ನಿ ಮಾವ. ಬಾಗಲದಾಗ ಕಾಲಿಡೂದ್ರಾಗ, ‘ಈ ವರ್ಷ ಹಕ್ಕಿ ಚಲೋ ತಿಂದಾವಪಾ, ನೀ ನಿಶ್ಚಿಂತಿ ಹಾರು’ ಅಂತಿದ್ದಳು. ದಿಲ್ಲ್ಯಾಗ ಎಲ್ಲಾರಿಗೂ ಗೊತ್ತಿತ್ತು, ಇಂವಾ ಇಳದಾನ ಅಂತ. ಅವ್ವ ಒಬ್ಬಾಕಿ ಲೆಕ್ಕದಾಗ ನಾ ಇನ್ನೂ ಮ್ಯಾಲ ಇದ್ನಿ. ಅದನ್ನ ಬಿಡಾಕ ನನಗ ಆಗಲಿಲ್ಲ.”

ಅಜ್ಜ ಬಾಗಿ ಒಂದು ಒಣಗಿದ ಕಡ್ಡಿ ಕಿತ್ತು, ಬೇರಿನ ಮಣ್ಣು ಕೊಡವಿ, ಮತ್ತೆ ಅಲ್ಲೇ ಒಗೆದ. “ಆತು ಬಿಡು. ಬರೂ ವರ್ಷದಿಂದ ಕಾಯ್ತೀನಿ” ಎಂದ.

ಅಷ್ಟರಲ್ಲಿ ಕೆರೆಯ ಕಡೆಯಿಂದ ಹಕ್ಕಿಗಳು ಎದ್ದವು. ನಾವಿದ್ದೆವೆಂದು ಪಕ್ಕಕ್ಕೆ ತಿರುಗಿ ಹೋದವು. ಮಾಮಾ ತಲೆ ಎತ್ತಿ ಅವು ಕಣ್ಮರೆಯಾಗುವವರೆಗೂ ನೋಡಿದರು. ಮುಂದಿನ ಹಕ್ಕಿ ಸುಸ್ತಾದರೆ ಹಿಂದಿನದು ಹೇಗೆ ಮುಂದೆ ಬರುತ್ತದೆ ಎಂದು ನನಗೆ ತೋರಿಸಿದರು. ಆಮೇಲೆ ಸಹಜವಾಗಿ ಕೇಳಿದರು, “ಮೈಸೂರಿಗೆ ಹೋಗಿದ್ದಿಯಂತಲ್ಲ, ಯಂತ್ರದ ಪರೀಕ್ಷಿ ಹೆಂಗಾತವಾ?”

“ಅದೇನ ಕೇಳ್ತಿ?” ಎಂದ ಅಜ್ಜ, ಸಿಟ್ಟೆಲ್ಲ ಮರೆತು. “ಸಣ್ಣಾಕಿ ಇದ್ದಾಗಿಂದ ಫೋನಿನ್ಯಾಗ ವಿಮಾನನ ಹಾರಸ್ಯಾಳ. ಈಕಿಗೆ ಪರೀಕ್ಷಿ ಮಾಡಾವ್ರ ಹುಟ್ಟಿಲ್ಲ.”

“ಫಲಿತಾಂಶ ಇನ್ನೂ ಬಂದಿಲ್ರಿ ಮಾಮಾ” ಎಂದೆ.

ಅವರು ನನ್ನ ಮುಖ ನೋಡಿದರು. ಬಹಳ ಹೊತ್ತೇನಲ್ಲ. “ಹೂಂ” ಎಂದರು. “ಊಟಕ್ಕ ನಡೀರಿ ಮಾವ, ಹೊಟ್ಟಿ ಹಸದೈತಿ.”

ಮರುದಿನ ಬೆಳಿಗ್ಗೆ ಹೋದರು. ಕಾರು ಹತ್ತುವಾಗ ನನ್ನ ತಲೆಯ ಮೇಲೆ ಕೈ ಇಟ್ಟರು. ಸಲಹೆ ಏನೂ ಕೊಡಲಿಲ್ಲ. ಅವರ ಜೊತೆ ಫೋಟೋ ತೆಗೆಸಿಕೊಳ್ಳಬೇಕು ಎಂದು ಎಷ್ಟು ವರ್ಷದಿಂದ ಅಂದುಕೊಂಡಿದ್ದೆ, ಕೇಳಲು ಮರೆತೇಬಿಟ್ಟೆ. ಫ್ಲೆಕ್ಸನ್ನು ಅಜ್ಜ ಕಾಲೇಜಿನಿಂದ ಇಸಿದುಕೊಂಡು ಬಂದಿದ್ದಾನೆ. ಕಣದಲ್ಲಿ ಕಡಲೆ ರಾಶಿಗೆ ಹೊದಿಸಲು ಒಳ್ಳೆಯದಾಗುತ್ತದಂತೆ. ಮಿಗ್-21 ಈಗ ನಮ್ಮ ಪಡಸಾಲೆಯಲ್ಲಿ ಸುರುಳಿ ಸುತ್ತಿಕೊಂಡು ನಿಂತಿದೆ.

ನೀನು ಚೆನ್ನಾಗಿರು. ಗ್ಲೈಡರ್ ಹತ್ತಿಸುವ ದಿನ ಬಂದರೆ ಮೊದಲು ನನಗೆ ಬರೆ. ನೆಲ ಮೇಲಿನಿಂದ ಹೇಗೆ ಕಾಣುತ್ತದೆ, ಕೈ ನಡುಗುತ್ತದೋ ಇಲ್ಲವೋ, ಯಾವುದನ್ನೂ ಬಿಡದೆ ಬರೆ. ನನಗೆ ಬೇಜಾರಾಗುತ್ತದೆ ಎಂದು ಏನನ್ನೂ ಮುಚ್ಚಿಡಬೇಡ. ನೀನು ಏರಿದಷ್ಟೂ ಸಲ ಸುಖವಾಗಿ ಇಳಿದು ಬಾ. ದೇವರು ನಿನ್ನ ಬೆನ್ನು ಗಟ್ಟಿಯಾಗಿಡಲಿ.

ನಿನ್ನ,
ಶೃತಿ

ತಾ.ಕ.: ಆ ಪರೀಕ್ಷೆಯ ಫಲಿತಾಂಶ ಅದೇ ದಿನ ಹೇಳುತ್ತಾರೆ. ನಿನಗೆ ಗೊತ್ತು, ಮಾಮಾನಿಗೂ ಗೊತ್ತು. ನಾನು ಬಿದ್ದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ನಿನ್ನೆ ಹೇಳಬೇಕೆಂದು ಹೊಲಕ್ಕೆ ಹೋದೆ. ಅಜ್ಜ ಪಕ್ಕದ ಪಟ್ಟಿಯ ಬೆದರುಗೊಂಬೆ ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ಎದುರಿಗೆ ಬಂದ. ಅದಕ್ಕೆ ನನ್ನ ಹಳೆಯ ಶಾಲೆಯ ಸ್ವೆಟರ್ ತೊಡಿಸಿದ್ದೆವು. “ದೇವೂನ ಪಟ್ಟಿ ಮುಗೀತು. ಇದು ನಿಂದು. ಹಾರಾಕ ನೀ ಹೊಸಬಾಕಿ, ಅದಕ್ಕ ದೊಡ್ಡದ ಬಿಟ್ಟೇನಿ” ಎಂದ. ಹಕ್ಕಿಗಳು ಆಗಲೇ ಇಳಿಯುತ್ತಿದ್ದವು. ಹಕ್ಕಿ ಓಡಿಸುವ ಡಬ್ಬ ನನ್ನ ಕೈಯಲ್ಲೇ ಇತ್ತು. ಬಡಿಯಲಿಲ್ಲ.